ನಡುಕ ತಗ್ಗಿತು, ಹಿಡಿತ ತಪ್ಪಿತು

ಪಾರ್ಕಿನ್‌ಸನ್ ಕಾಯಿಲೆಯವರಿಗೆ ಬರೆದುಕೊಡುವ ಮಾತ್ರೆಗಳಲ್ಲಿ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಎರಡಿವೆ. ನಮ್ಮ ಔಷಧಿ ಅಂಗಡಿಗಳಲ್ಲೂ ಸಿಗುತ್ತವೆ. ಇವುಗಳಿಂದ ಕೈನಡುಕ ತಗ್ಗುತ್ತದೆ, ಬಿಗಿದ ಕಾಲು ಸಡಿಲವಾಗುತ್ತದೆ. ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಮಗನನ್ನು ಕರೆಯುತ್ತಿದ್ದವರು ಮತ್ತೆ ತಾವೇ ಹಾಕಿಕೊಳ್ಳುತ್ತಾರೆ. ಇಷ್ಟು ಒಳ್ಳೆಯ ಮಾತ್ರೆಯೇ ಕೆಲವು ಮನೆಗಳಲ್ಲಿ ಬೇರೊಂದು ಸಂಕಟ ತಂದಿಡುತ್ತದೆ. ಜೀವಮಾನದಲ್ಲಿ ಇಸ್ಪೀಟು ಮುಟ್ಟದಿದ್ದವರು ಜೂಜಿಗೆ ಬೀಳುತ್ತಾರೆ. ಬೇಡದ ಸಾಮಾನು ಕೊಂಡು ತಂದು ಮನೆ ತುಂಬಿಸುತ್ತಾರೆ. ಮಧ್ಯರಾತ್ರಿ ಎದ್ದು ಡಬ್ಬಿಯಲ್ಲಿದ್ದ ಸಿಹಿಯನ್ನೆಲ್ಲ ತಿಂದು ಮುಗಿಸುತ್ತಾರೆ. ಇಳಿವಯಸ್ಸಿನಲ್ಲಿ ಕಾಮದ ಒತ್ತಡ ಮೇರೆ ಮೀರಿ, ಹೆಂಡತಿ ಯಾರಲ್ಲೂ ಹೇಳಿಕೊಳ್ಳಲಾಗದೆ ಒಳಗೊಳಗೇ ನೋಯುತ್ತಾಳೆ. ಮನೆಯವರು ಇದಕ್ಕೂ ಮಾತ್ರೆಗೂ ಸಂಬಂಧವಿರಬಹುದೆಂದು ಎಣಿಸುವುದಿಲ್ಲ. ‘ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು’ ಎಂದುಕೊಳ್ಳುತ್ತಾರೆ.

ಫ್ರಾನ್ಸಿನಲ್ಲಿ ಇಂಥದೊಂದು ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತ್ತು. ರೋಪಿನಿರೋಲ್ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರು ಇಂಟರ್ನೆಟ್ಟಿನಲ್ಲಿ ಕುದುರೆ ಬಾಜಿ ಕಟ್ಟುತ್ತಾ ಮನೆಯ ಉಳಿತಾಯವನ್ನೆಲ್ಲ ಕಳೆದರು. ಹಣಕ್ಕಾಗಿ ಕಳ್ಳತನಕ್ಕೂ ಇಳಿದರು. ಆತ್ಮಹತ್ಯೆಗೂ ಯತ್ನಿಸಿದರು. ಮಾತ್ರೆ ಬಿಟ್ಟ ಮೇಲೆ ಆ ಹುಚ್ಚು ಇಳಿಯಿತು. 2012ರಲ್ಲಿ ರೆನ್ ನಗರದ ಮೇಲ್ಮನವಿ ನ್ಯಾಯಾಲಯ ಅವರಿಗೆ ಸುಮಾರು 1.97 ಲಕ್ಷ ಯೂರೋ ಪರಿಹಾರ ಕೊಡುವಂತೆ ಔಷಧ ಕಂಪನಿಗೆ ಆದೇಶಿಸಿತು. ಹೋದ ಮಾನಕ್ಕೆ ಅದು ಸಾಟಿಯಲ್ಲ ನಿಜ. ಆದರೆ ತಪ್ಪು ಆ ಮನುಷ್ಯನ ಗುಣದ್ದಲ್ಲ ಎಂದು ನ್ಯಾಯಾಲಯವೇ ಒಪ್ಪಿದ್ದು ಸಣ್ಣ ಮಾತಲ್ಲ.

ಕೈಕಾಲು ಆಡಿಸುವ ಮಾತ್ರೆಗೂ ಮನಸ್ಸಿನ ಹಿಡಿತಕ್ಕೂ ಏನು ನಂಟು? ಇದರ ಮೂಲ ಹುಡುಕುತ್ತಾ ಹೋದರೆ ನಮ್ಮದೇ ಕಾಡಿನ ಗಿಡವೊಂದು ಎದುರಾಗುತ್ತದೆ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ 1952ರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ರಿಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳು ಕಿವಿ ಜೋತುಹಾಕಿಕೊಂಡು ಅಲುಗಾಡದೆ ಬಿದ್ದುಕೊಂಡವು. ಆಮೇಲೆ ಡೋಪಾ ಕೊಟ್ಟರು. ಮಿದುಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸಿಕೊಳ್ಳುವುದು ಇದರಿಂದಲೇ. ಕಾಲು ಗಂಟೆಯೊಳಗೆ ಮೊಲಗಳ ಕಿವಿ ನೆಟ್ಟಗಾಯಿತು, ಓಡಾಡತೊಡಗಿದವು. ಇದು 1957ರ ಮಾತು. ಚಲನೆಗೆ ಡೋಪಮೈನ್ ಬೇಕೇ ಬೇಕು ಎಂಬುದು ಹಾಗೆ ತಿಳಿಯಿತು. 1960ರಲ್ಲಿ ವಿಯೆನ್ನಾದ ಓಲೆ ಹೋರ್ನಿಕೇವಿಚ್, ಪಾರ್ಕಿನ್‌ಸನ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ಅದೇ ಡೋಪಮೈನ್ ಬತ್ತಿಹೋಗಿರುವುದನ್ನು ತೋರಿಸಿದರು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಡೋಪಮೈನ್ ತಯಾರಿಸುವ ನರಕೋಶಗಳು ಮಿದುಳಿನಲ್ಲಿ ಬಹಳ ಕಡಿಮೆ. ಮಿದುಳಿನ ಸುಮಾರು 8,600 ಕೋಟಿ ನರಕೋಶಗಳ ನಡುವೆ ಇವು ಕೆಲವು ಲಕ್ಷ ಮಾತ್ರ. ಹೆಚ್ಚಿನವು ನಡುಮಿದುಳಿನ ಕಪ್ಪು ಛಾಯೆಯ ಪಟ್ಟಿಯಲ್ಲಿ ಮತ್ತು ಅದರ ಪಕ್ಕದಲ್ಲಿವೆ. ಒಂದು ಗುಂಪು ಚಲನೆಯನ್ನು ನೋಡಿಕೊಳ್ಳುವ ಭಾಗಕ್ಕೆ ಡೋಪಮೈನ್ ಒದಗಿಸುತ್ತದೆ, ಇನ್ನೊಂದು ಆಸೆ-ಆಯ್ಕೆಗಳ ಭಾಗಕ್ಕೆ. ಪಾರ್ಕಿನ್‌ಸನ್‌ನಲ್ಲಿ ಮೊದಲು ಹಾಳಾಗುವುದು ಚಲನೆಯ ಗುಂಪು, ಆಸೆಯ ಗುಂಪು ಬಹಳ ಕಾಲ ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ಆದರೆ ಡೋಪಮೈನ್‌ನಂತೆಯೇ ವರ್ತಿಸುವ ಈ ಮಾತ್ರೆಗಳಿಗೆ ಈ ಭೇದ ಗೊತ್ತಿಲ್ಲ. ಒಣಗಿದ ಗದ್ದೆಗೆಂದು ತೂಬು ತೆಗೆದರೆ ತೇವವಿದ್ದ ಪಕ್ಕದ ಗದ್ದೆ ಮುಳುಗಿದಂತೆ, ಚಲನೆಗೆ ಸರಿಹೋಗುವ ಪ್ರಮಾಣ ಆಸೆಯ ಭಾಗಕ್ಕೆ ಅತಿಯಾಗುತ್ತದೆ. ಅದರಲ್ಲೂ ಪ್ರಾಮಿಪೆಕ್ಸೋಲ್ ಹೆಚ್ಚಾಗಿ ಅಂಟಿಕೊಳ್ಳುವ ಡಿ3 ಎಂಬ ಡೋಪಮೈನ್ ಗ್ರಾಹಿಗಳು ದಟ್ಟವಾಗಿರುವುದು ಆಸೆಯ ಭಾಗದಲ್ಲೇ.

ಅತಿಯಾದರೆ ಹಿಡಿತವೇಕೆ ತಪ್ಪಬೇಕು? ಡೋಪಮೈನನ್ನು ‘ಸುಖದ ರಾಸಾಯನಿಕ’ ಎಂದು ಕರೆಯುವುದು ಈಗ ರೂಢಿಯಾಗಿದೆ. ಆ ಹೆಸರು ದಾರಿ ತಪ್ಪಿಸುತ್ತದೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿಗೆ ಸೂಕ್ಷ್ಮ ತಂತಿ ಇಳಿಸಿ ನೋಡಿದಾಗ ಕಂಡದ್ದೇ ಬೇರೆ. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮೈನ್ ಕೋಶಗಳು ಚುರುಕಾಗುತ್ತಿದ್ದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆಂದು ಕೋತಿಗೆ ರೂಢಿಯಾದ ಮೇಲೆ, ರಸ ಬಂದರೂ ಅವು ಸುಮ್ಮನಿದ್ದವು, ದೀಪ ಕಂಡಾಗಲೇ ಚುರುಕಾದವು. ದೀಪ ಹೊತ್ತಿಯೂ ರಸ ಬಾರದಿದ್ದರೆ, ರಸ ಬರಬೇಕಾಗಿದ್ದ ಆ ಕ್ಷಣಕ್ಕೆ ಸರಿಯಾಗಿ ಕೋಶಗಳ ಮಿಡಿತ ಕುಸಿಯುತ್ತಿತ್ತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ಕುಸಿತದಲ್ಲಿದೆ. ‘ಎಣಿಸಿದ್ದು ಸಿಗಲಿಲ್ಲ, ಮುಂದಿನ ಸಲ ಬೇಡ’ ಎಂಬ ಪಾಠ ಮಿದುಳಿಗೆ ಮುಟ್ಟುವುದು ಅದರಿಂದ. ನಮ್ಮನ್ನು ತಡೆಯುವ ನರಮಾರ್ಗ ಬಲಗೊಳ್ಳುವುದೂ ಹೀಗೆ ಡೋಪಮೈನ್ ಇಳಿದಾಗಲೇ. ಮಾತ್ರೆ ಇಡೀ ದಿನ ಗ್ರಾಹಿಗಳನ್ನು ಹಿಡಿದುಕೊಂಡಿದ್ದರೆ ಈ ಇಳಿತ ಮಿದುಳಿಗೆ ಸರಿಯಾಗಿ ತಟ್ಟುವುದಿಲ್ಲ. ಗೆದ್ದದ್ದು ನಾಟುತ್ತದೆ, ಸೋತದ್ದು ನಾಟುವುದಿಲ್ಲ.

ಇದನ್ನು ಅಮೆರಿಕದ ಮೈಕಲ್ ಫ್ರಾಂಕ್ ಮತ್ತು ಸಂಗಡಿಗರು 2004ರಲ್ಲಿ ಪರೀಕ್ಷಿಸಿ ನೋಡಿದರು. ಪಾರ್ಕಿನ್‌ಸನ್ ರೋಗಿಗಳ ಮುಂದೆ ಗುರುತಿಲ್ಲದ ಎರಡೆರಡು ಜಪಾನಿ ಅಕ್ಷರಗಳನ್ನಿಟ್ಟು ಒಂದನ್ನು ಆರಿಸಲು ಹೇಳಿದರು. ಸರಿಯೋ ತಪ್ಪೋ ಎಂದು ಪ್ರತಿ ಸಲವೂ ತಿಳಿಸುತ್ತಿದ್ದರು. ಔಷಧ ತೆಗೆದುಕೊಳ್ಳದೆ ಕೂತವರು ತಪ್ಪುಗಳಿಂದ ಚೆನ್ನಾಗಿ ಕಲಿತರು. ಔಷಧ ತೆಗೆದುಕೊಂಡವರು ಸರಿಯಾದವುಗಳಿಂದ ಚೆನ್ನಾಗಿ ಕಲಿತರು, ತಪ್ಪುಗಳಿಂದ ಕಲಿಯುವುದರಲ್ಲಿ ಹಿಂದೆ ಬಿದ್ದರು. ಬಾಜಿಯಲ್ಲಿ ಕಳೆದುಕೊಂಡರೂ ಮರುದಿನ ಮತ್ತೆ ಕಟ್ಟುವವರನ್ನು ‘ಬುದ್ಧಿ ಬರಲಿಲ್ಲವಲ್ಲ’ ಎಂದು ಬೈಯುವವರು ಈ ಪ್ರಯೋಗವನ್ನು ನೆನೆಯಬೇಕು.

ಇದು ಅಲ್ಲೊಬ್ಬರು ಇಲ್ಲೊಬ್ಬರಿಗೆ ಆಗುವುದಲ್ಲ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳನ್ನು ಮಾತನಾಡಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ 17.1 ಮಂದಿಗೆ ಜೂಜು, ಖರೀದಿ, ತಿನ್ನುವಿಕೆ, ಕಾಮ ಇವುಗಳಲ್ಲಿ ಒಂದಲ್ಲ ಒಂದರ ಮೇಲೆ ಹಿಡಿತ ತಪ್ಪಿತ್ತು. ತೆಗೆದುಕೊಳ್ಳದವರಲ್ಲಿ ಇದು ಶೇ 6.9. ವಯಸ್ಸು ಚಿಕ್ಕದಿದ್ದವರು, ಧೂಮಪಾನಿಗಳು, ಮನೆತನದಲ್ಲಿ ಜೂಜಿನ ಚಟ ಇದ್ದವರು ಹೆಚ್ಚು ಸಿಕ್ಕಿಬಿದ್ದಿದ್ದರು. ಇವುಗಳಾಚೆಗೆ ಇನ್ನೊಂದು ವಿಚಿತ್ರ ಲಕ್ಷಣವೂ ಉಂಟು: ಗಡಿಯಾರ ಬಿಚ್ಚಿ ಜೋಡಿಸುವುದು, ಕಾಗದಪತ್ರಗಳನ್ನು ಗಂಟೆಗಟ್ಟಲೆ ವಿಂಗಡಿಸುತ್ತಲೇ ಕೂರುವುದು. ಯಾರಿಗೂ ಉಪದ್ರವವಿಲ್ಲದ್ದರಿಂದ ಇದು ಕಣ್ಣಿಗೆ ಬೀಳುವುದೂ ಕಡಿಮೆ.

ಕಾಲುಗಳ ಚಡಪಡಿಕೆಯಿಂದ ರಾತ್ರಿ ನಿದ್ದೆಗೆಟ್ಟವರಿಗೂ ಇದೇ ಮಾತ್ರೆಗಳನ್ನು ಕೊಡುವುದುಂಟು. ಪ್ರಮಾಣ ಕಡಿಮೆ, ಆದರೆ ಎಚ್ಚರಿಕೆ ಅವರಿಗೂ ಬೇಕು.

ಸಮಾಧಾನದ ಸಂಗತಿಯೆಂದರೆ, ಮಾತ್ರೆಯ ಪ್ರಮಾಣ ಇಳಿಸಿದರೆ ಅಥವಾ ಬೇರೆ ಔಷಧಕ್ಕೆ ಬದಲಿಸಿದರೆ ಹೆಚ್ಚಿನವರಲ್ಲಿ ಈ ತೊಂದರೆ ತಗ್ಗುತ್ತದೆ. ಆದರೆ ಹೆದರಿ ಒಮ್ಮೆಲೇ ನಿಲ್ಲಿಸಬಾರದು. ಹಠಾತ್ತನೆ ಬಿಟ್ಟರೆ ಕೈಕಾಲು ಮತ್ತೆ ಬಿಗಿಯುವುದಲ್ಲದೆ, ತೀವ್ರ ಆತಂಕ, ಖಿನ್ನತೆ, ಬೆವರು, ಮೈನೋವು ಕಾಡಬಹುದು. ಇಳಿಸುವುದೇನಿದ್ದರೂ ವೈದ್ಯರ ಸಲಹೆಯಂತೆ, ಹಂತಹಂತವಾಗಿ ಆಗಬೇಕು.

ಚೀಟಿ ಬರೆಯುವ ವೈದ್ಯರು ಎರಡು ನಿಮಿಷ ಹೆಚ್ಚು ಕೊಟ್ಟು, ಹೀಗೂ ಆಗಬಹುದು ಎಂದು ರೋಗಿಗೆ ಮಾತ್ರವಲ್ಲ, ಜೊತೆಗೆ ಬಂದವರಿಗೂ ಹೇಳಬೇಕು. ರೋಗಿಗೆ ತನ್ನಲ್ಲಾದ ಬದಲಾವಣೆ ಎಷ್ಟೋ ಸಲ ತಿಳಿಯುವುದೇ ಇಲ್ಲ, ತಿಳಿದರೂ ನಾಚಿಕೆ ಬಾಯಿ ಕಟ್ಟುತ್ತದೆ. ನಿಮ್ಮ ಮನೆಯಲ್ಲಿ ಈ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಬ್ಯಾಂಕಿನ ಪಾಸ್‌ಬುಕ್ ಆಗಾಗ ನೋಡಿ, ರಾತ್ರಿ ಅವರು ಎದ್ದು ಏನು ಮಾಡುತ್ತಾರೆ ಗಮನಿಸಿ, ಬೈಯುವ ಮೊದಲು ಮಾತ್ರೆ ಶುರುವಾದ ತಿಂಗಳನ್ನು ನೆನಪಿಸಿಕೊಳ್ಳಿ. ಮುಂದಿನ ಸಲ ತೋರಿಸಲು ಹೋದಾಗ, ಅವರು ಹೇಳಲಾರದಿದ್ದರೆ ನೀವು ವೈದ್ಯರಿಗೆ ಹೇಳಿ.