ಹೂವು ನೋಡಲು ಹೋದೆವು

ಹೂವು ನೋಡುವುದಕ್ಕಾಗಿ ಬೆಂಗಳೂರಿಗೆ ಹೋಗಿಬರುತ್ತೇನೆಂದಾಗ ನಮ್ಮ ಅಜ್ಜಿ ಬಾಯಿಗೆ ಸೆರಗು ಹಚ್ಚಿ ನಕ್ಕರು. “ಹೂವ ನೋಡಾಕೆ ಬೆಂಗ್ಳೂರ್ಗಂಟ ಹೋಗ್ಬೇಕೇನ್ಲಾ ಮಗಾ? ಹಿತ್ಲಲ್ಲಿ ಕನಕಾಂಬ್ರ ಬೇಕಾದಂಗೆ ಐತೆ” ಎಂದರು. ಯಲಿಯೂರಿನಿಂದ ಬೆಂಗಳೂರಿಗೆ ಹೋಗುವವನಿಗೆ ಆಸ್ಪತ್ರೆಯೋ, ಕೋರ್ಟೋ, ಕೆಲಸದ ಸಂದರ್ಶನವೋ ಒಂದು ಕಾರಣವಿರಬೇಕು, ಹೂವು ಕಾರಣವೆನಿಸುವುದಿಲ್ಲ. ಆದರೂ ಶಿವರಾತ್ರಿ ಕಳೆದ ಮೇಲೆ ಒಂದು ಶನಿವಾರ ಬೆಳಗ್ಗೆ ನಾನೂ ನನ್ನ ಮಿತ್ರನೂ ನಮ್ಮೂರ ನಿಲ್ದಾಣದಲ್ಲಿ ರೈಲು ಹತ್ತಿದೆವು.

ಮಿತ್ರನು ಹೊರಟದ್ದು ಹೂವಿನ ಮೋಹದಿಂದಲ್ಲ. ಅವರ ಗದ್ದೆಯ ಬದುವಿನಲ್ಲಿ ಮೂರು ಹೊಂಗೆ ಮರಗಳಿದ್ದವು. ನೆರಳು ಬಿದ್ದ ಕಡೆ ಕಬ್ಬು ಏಳುವುದಿಲ್ಲವೆಂದು ಅವನ ತಂದೆ ಮೂರನ್ನೂ ಕಡಿಯುವವನಿಗೆ ಮಾತು ಕೊಟ್ಟಿದ್ದರು. ಅದರ ಮೇಲೆ ಮನೆಯಲ್ಲಿ ಜಗಳವಾಗಿ, ಎರಡು ದಿನ ಕಣ್ಣಿಗೆ ಬೀಳದೆ ಇದ್ದರೆ ಸಾಕೆಂದು ಇವನು ನನ್ನ ಜೊತೆ ಬಂದಿದ್ದ. ಮದ್ದೂರಿನಲ್ಲಿ ವಡೆ ಕೈಗೆ ಬರುವವರೆಗೂ ಒಂದು ಮಾತಾಡಲಿಲ್ಲ.

ಕಬ್ಬನ್ ಪಾರ್ಕಿಗೆ ಕಾಲಿಟ್ಟಾಗ ಮಧ್ಯಾಹ್ನವಾಗಿತ್ತು. ಟಬೆಬುಯಾ ಮರಗಳು ತುಂಬ ಹೂ ಬಿಟ್ಟಿದ್ದವು. ಎಲೆ ಎಂಬುದೇ ಇಲ್ಲ. ಕೊಂಬೆಕೊಂಬೆಗೂ ತಿಳಿಗುಲಾಬಿ ಬಣ್ಣದ ಗೊಂಚಲು. ಕೆಳಗೆ ಉದುರಿದ್ದನ್ನು ತುಳಿಯದೆ ನಡೆಯುವುದು ಸಾಧ್ಯವಿರಲಿಲ್ಲ. ಮಿತ್ರನು ಒಂದು ಹಿಡಿ ಆಯ್ದುಕೊಂಡು ನೋಡಿ, “ಎಲ್ಲ ಒಂದೇ ಥರ ಇಲ್ಲ ಕಣ್ಲಾ” ಎಂದ. ನಿಜವೇ. ತುತ್ತೂರಿಯಂಥ ಆ ಹೂವಿನ ಗಂಟಲು ಕೆಲವದರಲ್ಲಿ ಹಳದಿ, ಕೆಲವದರಲ್ಲಿ ಬಿಳಿ. ಹೊಸದಾಗಿ ಅರಳಿದ್ದರ ಗಂಟಲು ಹಳದಿಯಾಗಿದ್ದು, ಹೂವು ಹಳತಾದಂತೆ ಬಿಳುಪಾಗುತ್ತದೆ. ಸಸ್ಯಶಾಸ್ತ್ರ ಓದದ ಕಬ್ಬಿನ ರೈತನ ಮಗ ಇದನ್ನು ನನಗಿಂತ ಮೊದಲು ಕಂಡನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಎಲೆಯಿಲ್ಲದಾಗಲೇ ಹೂ ಬಿಡುವುದೇಕೆ? ಮಳೆಗಾಲ ಮತ್ತು ಒಣಗಾಲ ಬೇರೆ ಬೇರೆಯಾಗಿರುವ ನಾಡಿನ ಅನೇಕ ಮರಗಳು ಬೇಸಗೆಯ ಮುಖ ಕಂಡೊಡನೆ ಎಲೆ ಕಳಚುತ್ತವೆ. ನೀರು ಆವಿಯಾಗಿ ಹೋಗುವುದು ಹೆಚ್ಚಾಗಿ ಎಲೆಗಳ ಮೂಲಕ. ಆ ಖರ್ಚು ನಿಂತಾಗ ಕಾಂಡದಲ್ಲಿ ಉಳಿದ ನೀರು ಮೊಗ್ಗಿಗೆ ಒದಗುತ್ತದೆ. ಬೋಳು ಕೊಂಬೆಯ ಮೇಲಿನ ಹೂವು ದುಂಬಿಗೆ ದೂರದಿಂದಲೇ ಕಾಣುತ್ತದೆ. ಮುಂದೆ ಉದ್ದನೆಯ ಕಾಯಿ ಒಣಗಿ ಸೀಳಿ, ರೆಕ್ಕೆಯಿರುವ ಬೀಜಗಳು ಗಾಳಿಗೆ ಹಾರುತ್ತವೆ. ಅವು ನೆಲ ಸೇರುವ ಹೊತ್ತಿಗೆ ಮಳೆ ಹತ್ತಿರವಾಗಿರುತ್ತದೆ. ನಮ್ಮ ಮುತ್ತುಗವೂ ಇದೇ ಲೆಕ್ಕದಲ್ಲಿ ಬೋಳಾಗಿ ಕೆಂಪಾಗುತ್ತದೆ.

ಟಬೆಬುಯಾ ನಮ್ಮದಲ್ಲ, ಮಧ್ಯ ಅಮೆರಿಕದ ಕಡೆಯದು; ಎಲ್ ಸಾಲ್ವಡಾರ್ ದೇಶದ ರಾಷ್ಟ್ರವೃಕ್ಷ. ಜಕರಾಂದ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಆದರೆ ನಮ್ಮ ಕಾಡಿನ ಪಾದರಿಯೂ ಟಬೆಬುಯಾದ ಕುಟುಂಬಕ್ಕೇ ಸೇರಿದೆ. ಸಂಸ್ಕೃತದಲ್ಲಿ ಪಾಟಲಿ ಎಂಬುದು ಇದೇ. ಪಾಟಲಿಪುತ್ರಕ್ಕೆ ಹೆಸರು ಕೊಟ್ಟದ್ದು ಈ ಮರವೆಂದು ಹೇಳುತ್ತಾರೆ. ದೂರದ ನೆಂಟರೆಂದರೆ ತಪ್ಪಾಗದು.

ಇವೆಲ್ಲ ಬೆಂಗಳೂರಿನ ಬೀದಿಗಳಿಗೆ ತಾವಾಗಿ ಬಂದವಲ್ಲ. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ತೋಟದಲ್ಲಿ ದುಡಿದು, ಬರೋಡದ ಮಹಾರಾಜರ ತೋಟಗಳನ್ನು ನೋಡಿಕೊಂಡಿದ್ದ ಕ್ರುಂಬಿಗಲ್ ಎಂಬವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಿನ ಯಾವುದಾದರೊಂದು ಬೀದಿ ಹೂ ಬಿಟ್ಟಿರಬೇಕು, ಒಂದು ಜಾತಿ ಮುಗಿಯುವಾಗ ಇನ್ನೊಂದು ಶುರುವಾಗಬೇಕು ಎಂಬ ಯೋಜನೆ ಅವರದೆಂದು ಪ್ರಸಿದ್ಧಿ. ಅವರು 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಲಾಲ್‌ಬಾಗಿನ ಬಳಿ ಅವರ ಹೆಸರಿನ ರಸ್ತೆಯಿದೆ. ಊರು ಬೆಳೆದು ಹೊಸ ಬಡಾವಣೆಗಳು ಬೋಳಾಗಿ ನಿಂತಿದ್ದಾಗ, 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳುತನದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಟ್ಟರು. ನಾವು ‘ಬೆಂಗಳೂರಿನ ವಸಂತ’ ಎನ್ನುವುದು ಬಹುಮಟ್ಟಿಗೆ ಇಂಥವರು ಕಾಗದದ ಮೇಲೆ ಲೆಕ್ಕ ಹಾಕಿ ತಂದದ್ದು.

ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿರಲು ಮಿತ್ರನು, “ಸರಿ, ಇವು ಏನ್ ಕೊಡ್ತವೆ? ದನ ಮೇಯ್ತದಾ? ಗೊಬ್ಬರ ಆಯ್ತದಾ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅವನೇ ಮುಂದುವರಿಸಿದ. ಹೊಂಗೆಯ ಸೊಪ್ಪನ್ನು ಕೆಸರುಗದ್ದೆಗೆ ತುಳಿಸುತ್ತಿದ್ದುದು, ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ಬೆಳೆಗೆ. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆಂದು ಶಾಲೆಯಲ್ಲಿ ಓದಿದ್ದು. “ಇಷ್ಟೆಲ್ಲ ಕೊಡೋ ಮರ ಕಡಿಸ್ತಾವ್ರೆ. ಏನೂ ಕೊಡದ್ದನ್ನ ನೋಡಾಕೆ ನಾವು ನೂರು ಕಿಲೋಮೀಟರ್ ಬಂದಿವಿ.” ಆ ಮಾತಿನಲ್ಲಿ ಕೋಪವಿತ್ತೋ ದುಃಖವಿತ್ತೋ, ನಾನು ಕೇಳಲಿಲ್ಲ.

ಭಾನುವಾರ ಲಾಲ್‌ಬಾಗಿಗೆ ಹೋದೆವು. ಹೂವೆಂದರೆ ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನವೆಂದು ನಂಬಿರುವವರು ಒಮ್ಮೆ ಮಾರ್ಚಿಯಲ್ಲಿ ಹೋಗಬೇಕು. ನೂಕುನುಗ್ಗಲಿಲ್ಲದೆ ಮರಗಳನ್ನು ನೋಡಬಹುದು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ ಅದು. ಗಾಜಿನ ಮನೆಯ ಮುಂದೆ ಎಲ್ಲರಂತೆ ನಾವೂ ಫೋಟೋ ತೆಗೆದುಕೊಂಡೆವು. ಆಮೇಲೆ ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಕುಳಿತೆವು. ಮುನ್ನೂರು ಕೋಟಿ ವರ್ಷದಷ್ಟು ಹಳೆಯ ಶಿಲೆಯೆಂದು ಅಲ್ಲಿ ಬರೆದಿದ್ದಾರೆ. ಬಿಸಿಲಿಗೆ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಇಳಿಯುವಾಗ ದಾರಿಯಲ್ಲಿ ಚಿಗುರಿದ ಒಂದು ಹೊಂಗೆ ಕಂಡಿತು. ಮಿತ್ರನು ಅದರಡಿ ನಿಂತು, ಮೊಗ್ಗು ಕಟ್ಟಿದೆಯೇ ಎಂದು ಕೊಂಬೆ ಬಗ್ಗಿಸಿ ನೋಡಿದ. ಕಾವಲುಗಾರ ದೂರದಿಂದಲೇ ಗದರಿಸಿದ.

ರಾತ್ರಿ ಊರಿಗೆ ಬಂದವನೇ ಮಿತ್ರನು ಅಪ್ಪನ ಮುಂದೆ ಕುಳಿತು ಮಾತಾಡಿದನಂತೆ. ನೆರಳಿನಿಂದ ಎಷ್ಟು ಸಾಲು ಕಬ್ಬು ಹಾಳಾಗುತ್ತದೆಂದು ಮಾರನೆಯ ದಿನ ಇಬ್ಬರೂ ಗದ್ದೆಗೆ ಹೋಗಿ ಎಣಿಸಿದರಂತೆ. ಅಪ್ಪನ ಲೆಕ್ಕವೂ ಸುಳ್ಳಾಗಿರಲಿಲ್ಲ. ಯುಗಾದಿಯ ಮುಂಚೆ ಎರಡು ಮರಗಳು ಹೋದವು. ಪಂಪ್‌ಸೆಟ್ಟಿನ ಪಕ್ಕದ್ದು ಉಳಿದಿದೆ. ಈ ಲೇಖನದ ಅರ್ಧವನ್ನು ಅದರ ಕೆಳಗೆ ಕುಳಿತು ಬರೆದೆ. ಅಕ್ಕಿಕಾಳಿನಂಥ ಹೂವು ಉದುರಿ ಉದುರಿ ಕಾಗದವನ್ನು ಪದೇಪದೇ ಕೊಡವಬೇಕಾಯಿತು.