ಪ್ರತಿಕಾಯವೇ ಇಲ್ಲದವರಲ್ಲಿ ಹೆಪಟೈಟಿಸ್ ಸಿ

ಹುಟ್ಟಿನಿಂದಲೇ ಪ್ರತಿಕಾಯಗಳು ತಯಾರಾಗದ ಮಕ್ಕಳಿದ್ದಾರೆ. ದೊಡ್ಡವರಾದ ಮೇಲೆ ಈ ಕೊರತೆ ಕಾಣಿಸಿಕೊಂಡವರೂ ಇದ್ದಾರೆ. ದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೊಗ್ಲೋಬುಲಿನ್ ಅವರ ಜೀವ ಕಾಯುತ್ತದೆ. ಹಲವರಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಡ್ರಿಪ್ ತಪ್ಪಿದ್ದಲ್ಲ. ಹೆಪಟೈಟಿಸ್ ಸಿ ಬಗ್ಗೆ ಎಲ್ಲರಿಗೂ ಹೇಳುವ ಮಾತುಗಳು ಇವರ ಮಟ್ಟಿಗೆ ಎಷ್ಟೋ ಸಲ ಸುಳ್ಳಾಗುತ್ತವೆ.

ತಪ್ಪು ಕಲ್ಪನೆ: ಆಂಟಿ-ಎಚ್‌ಸಿವಿ ನೆಗೆಟಿವ್ ಬಂತು, ಇನ್ನು ಚಿಂತೆಯಿಲ್ಲ.

ವಾಸ್ತವ: ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದೇ. ಆ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಅದನ್ನು ತಯಾರಿಸುವ ಶಕ್ತಿಯೇ ಇಲ್ಲದವರ ರಕ್ತದಲ್ಲಿ ವೈರಸ್ ಓಡಾಡುತ್ತಿದ್ದರೂ ವರದಿ ನೆಗೆಟಿವ್ ಬರಬಹುದು. ಸಾಮಾನ್ಯವಾಗಿ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದ ಮೇಲಷ್ಟೇ ಆರ್‌ಎನ್‌ಎ ಪರೀಕ್ಷೆಗೆ ಕಳಿಸುತ್ತಾರೆ; ಇವರ ವಿಷಯದಲ್ಲಿ ಆ ಕ್ರಮ ಸಲ್ಲದು. ನೇರವಾಗಿ ವೈರಸ್ಸನ್ನೇ ಪತ್ತೆಹಚ್ಚುವ ಎಚ್‌ಸಿವಿ ಆರ್‌ಎನ್‌ಎ ಪಿಸಿಆರ್ ಪರೀಕ್ಷೆಯನ್ನೇ ವೈದ್ಯರು ಬರೆಯಬೇಕು. ಹೆಪಟೈಟಿಸ್ ಬಿ ವಿಷಯದಲ್ಲಿ ಇದಕ್ಕೆ ತಿರುಗಾಮುರುಗ ಆಗುವುದುಂಟು: ಡ್ರಿಪ್‌ನಲ್ಲಿ ಬಂದ ದಾನಿಗಳ ಪ್ರತಿಕಾಯದಿಂದಾಗಿ, ಸೋಂಕಿಲ್ಲದವರಿಗೂ ಕೋರ್ ಆಂಟಿಬಾಡಿ ಪಾಸಿಟಿವ್ ಎಂದು ಬರುತ್ತದೆ.

ತಪ್ಪು ಕಲ್ಪನೆ: ಇಮ್ಯುನೊಗ್ಲೋಬುಲಿನ್‌ನಿಂದ ಹೆಪಟೈಟಿಸ್ ಬರುತ್ತದೆ, ನಿಲ್ಲಿಸುವುದೇ ಕ್ಷೇಮ.

ವಾಸ್ತವ: ಈ ಭಯಕ್ಕೆ ಕಾರಣವಿದೆ. 1993-94ರಲ್ಲಿ ಗ್ಯಾಮಗಾರ್ಡ್ ಎಂಬ ಇಮ್ಯುನೊಗ್ಲೋಬುಲಿನ್ ಪಡೆದವರಲ್ಲಿ ಹೆಪಟೈಟಿಸ್ ಸಿ ಕಾಣಿಸಿಕೊಂಡಿತು. ಅಮೆರಿಕವೊಂದರಲ್ಲೇ ನೂರಕ್ಕೂ ಹೆಚ್ಚು ಪ್ರಕರಣ ವರದಿಯಾದವು. 1994ರ ಫೆಬ್ರವರಿಯಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ನೋವಿನ ಸಂಗತಿಯೆಂದರೆ, ಅದಕ್ಕೆ ಸ್ವಲ್ಪ ಮೊದಲಷ್ಟೇ ಪ್ಲಾಸ್ಮಾ ದಾನಿಗಳ ತಪಾಸಣೆ ಬಿಗಿಯಾಗಿತ್ತು. ಪ್ರತಿಕಾಯವಿದ್ದ ದಾನಿಗಳನ್ನು ಹೊರಗಿಟ್ಟಾಗ, ಅದುವರೆಗೆ ವೈರಸ್ಸನ್ನು ಕಟ್ಟಿಹಾಕುತ್ತಿದ್ದ ಪ್ರತಿಕಾಯಗಳೂ ಹೋದವು; ಸೋಂಕು ತಗುಲಿ ಇನ್ನೂ ಪ್ರತಿಕಾಯ ಮೂಡದ ದಾನಿಗಳ ವೈರಸ್ ಮಾತ್ರ ಉಳಿಯಿತು ಎಂದು ತಜ್ಞರು ಶಂಕಿಸಿದರು. ಆಮೇಲೆ ವೈರಸ್ಸಿನ ಕೊಬ್ಬಿನ ಹೊದಿಕೆಯನ್ನು ಒಡೆಯುವ ದ್ರಾವಕ-ಡಿಟರ್ಜೆಂಟ್ ಸಂಸ್ಕರಣೆಯಂಥ ಹಂತಗಳು ತಯಾರಿಕೆಗೆ ಸೇರಿದವು. ದಾನಿಗಳ ಪ್ಲಾಸ್ಮಾದಲ್ಲಿ ವೈರಸ್ಸನ್ನೇ ಹುಡುಕುವ ಪರೀಕ್ಷೆಯೂ ಬಂತು. ಇಂದು ಭಯಪಟ್ಟು ಡ್ರಿಪ್ ಬಿಟ್ಟರೆ ಎದುರಾಗುವುದು ಮತ್ತೆ ಮತ್ತೆ ನ್ಯುಮೋನಿಯಾ, ಶ್ವಾಸಕೋಶಕ್ಕೆ ವಾಸಿಯಾಗದ ಹಾನಿ.

ತಪ್ಪು ಕಲ್ಪನೆ: ಕಾಮಾಲೆ ಕಾಣದಿದ್ದರೆ ಲಿವರ್ ಚೆನ್ನಾಗಿದೆ.

ವಾಸ್ತವ: ಹೆಪಟೈಟಿಸ್ ಸಿ ಬಹುತೇಕ ಸದ್ದಿಲ್ಲದೆ ಬೆಳೆಯುತ್ತದೆ. ಸಾಮಾನ್ಯರಲ್ಲಿ ಸಿರೋಸಿಸ್‌ಗೆ ಎರಡು-ಮೂರು ದಶಕ ಹಿಡಿದರೆ, ಪ್ರತಿಕಾಯದ ಕೊರತೆ ಇರುವ ಕೆಲವರಲ್ಲಿ ಅದು ಕೆಲವೇ ವರ್ಷಗಳಲ್ಲಿ ಬಂದದ್ದಿದೆ.

ತಪ್ಪು ಕಲ್ಪನೆ: ರೋಗನಿರೋಧಕ ಶಕ್ತಿಯೇ ಇಲ್ಲದವರಿಗೆ ಔಷಧಿ ನಾಟುವುದಿಲ್ಲ.

ವಾಸ್ತವ: ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲದಲ್ಲಿ ಹಲವರಿಗೆ ನಿರಾಸೆಯಾಗಿತ್ತು, ನಿಜ. ಈಗಿನ ಸೊಫೋಸ್ಬುವಿರ್, ವೆಲ್ಪಟಾಸ್ವಿರ್ ಮಾತ್ರೆಗಳು ಪ್ರತಿಕಾಯದ ನೆರವಿಗೆ ಕಾಯುವುದಿಲ್ಲ; ವೈರಸ್ ಹೆಚ್ಚುವುದನ್ನೇ ತಡೆಯುತ್ತವೆ. ಸಾಮಾನ್ಯವಾಗಿ 12 ವಾರಗಳ ಕೋರ್ಸ್. ಮುಗಿದು 12 ವಾರವಾದ ಮೇಲೂ ಆರ್‌ಎನ್‌ಎ ಸಿಗದಿದ್ದರೆ ವಾಸಿಯಾಯಿತೆಂದೇ ಅರ್ಥ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಈ ಮಾತ್ರೆಗಳು ಉಚಿತ.

ನಿಮ್ಮ ಮನೆಯಲ್ಲಿ ಈ ಕೊರತೆ ಇರುವವರಿದ್ದು, ಹಿಂದೆ ರಕ್ತ ಪಡೆದಿದ್ದರೆ, 1994ಕ್ಕೂ ಮೊದಲು ಇಮ್ಯುನೊಗ್ಲೋಬುಲಿನ್ ಪಡೆದಿದ್ದರೆ ಅಥವಾ ಲಿವರ್ ವರದಿಯಲ್ಲಿ ಏರುಪೇರಿದ್ದರೆ, ಆರ್‌ಎನ್‌ಎ ಪರೀಕ್ಷೆ ಬೇಕೆಂದು ವೈದ್ಯರನ್ನು ನೀವಾಗಿಯೇ ಕೇಳಿ.