ಸಸ್ಯಗಳಲ್ಲಿ ವೈರಸ್ ಪ್ರೋಟೀನಿನ ಉತ್ಪಾದನೆ

ಏಲೂರಿನ ಕಾರ್ಖಾನೆಗಳ ನೆರೆಯಲ್ಲಿ, ಕೊಚ್ಚಿಯಲ್ಲಿ, ತಿರುವನಂತಪುರದಲ್ಲಿ ನೆಲಸಿರುವ ಕನ್ನಡಿಗರಿಗೆ ನಿಪಾ ಎಂಬ ಹೆಸರು ಹೊಸದಲ್ಲ. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡು ಜಿಲ್ಲೆಯಲ್ಲಿ ಕಾಣಿಸಿಕೊಂಡ ಆ ಜ್ವರವನ್ನು ಮೊದಲು ಗುರುತಿಸಿದುದು ಕನ್ನಡನಾಡಿನ ಮಣಿಪಾಲದ ಪ್ರಯೋಗಶಾಲೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಮರುವರ್ಷ ಎರ್ನಾಕುಳಂ ಜಿಲ್ಲೆಯ ತರುಣನೊಬ್ಬನಿಗೆ ಅದು ತಗಲಿತು. ಆತನು ಬದುಕಿ ಉಳಿದನು.

ರಕ್ತಪರೀಕ್ಷೆಗಾಗಲಿ ಲಸಿಕೆಗಾಗಲಿ ವೈರಸ್ಸಿನ ಪ್ರೋಟೀನು ಆವಶ್ಯಕ. ರೋಗಿಯ ರಕ್ತದಲ್ಲಿರುವ ಪ್ರತಿಕಾಯಗಳು ಆ ಪ್ರೋಟೀನಿಗೆ ಅಂಟಿಕೊಂಡರೆ ಸೋಂಕು ತಗಲಿದುದು ತಿಳಿಯುತ್ತದೆ. ಲಸಿಕೆಯಲ್ಲಿ ಅದೇ ಪ್ರೋಟೀನು ದೇಹಕ್ಕೆ ಹಗೆಯ ಗುರುತನ್ನು ಕಲಿಸಿಕೊಡುತ್ತದೆ. ಆದರೆ ನಿಪಾದಂತಹ ಮಾರಕ ವೈರಸ್ಸನ್ನು ಬೆಳೆಸಲು ಅತ್ಯುಚ್ಚ ರಕ್ಷಣೆಯ ಪ್ರಯೋಗಶಾಲೆ ಬೇಕು. ಆದುದರಿಂದ ವೈರಸ್ಸನ್ನು ದೂರವಿರಿಸಿ, ಅದರ ಪ್ರೋಟೀನೊಂದನ್ನು ಮಾತ್ರ ಬೇರೆ ಜೀವಿಯಿಂದ ಪಡೆಯುವುದು ಯುಕ್ತ. ಅಂತಹ ಜೀವಿಗಳಲ್ಲಿ ಸಸ್ಯವೂ ಒಂದು.

ಇದರ ವಿಧಾನ ಹೀಗಿದೆ. ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಕ್ಕೆ ತನ್ನ ಜೀನುಗಳನ್ನು ಗಿಡದ ಕೋಶದೊಳಗೆ ಸೇರಿಸುವ ಸಹಜಶಕ್ತಿಯುಂಟು. ಅದರಲ್ಲಿ ವೈರಸ್ಸಿನ ಒಂದು ಜೀನನ್ನಿರಿಸಿ ಗಿಡಕ್ಕೆ ಒಯ್ಯಿಸಿದರೆ, ಗಿಡವು ತನ್ನ ಪ್ರೋಟೀನುಗಳೊಡನೆ ಅದನ್ನೂ ತಯಾರಿಸುತ್ತದೆ. 1992ರಲ್ಲಿ ಅಮೆರಿಕದ ವಿಜ್ಞಾನಿಗಳು ಹೊಗೆಸೊಪ್ಪಿನ ಗಿಡದಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈ ಪ್ರೋಟೀನನ್ನು ಹೀಗೆ ಪಡೆದರು.

ಕನ್ನಡನಾಡಿನಲ್ಲಿಯೂ ಇಂತಹ ಪ್ರಯತ್ನ ನಡೆದಿದೆ. ದನಗಳ ದೊಡ್ಡರೋಗದ ವೈರಸ್ಸೂ ನಿಪಾವೂ ಒಂದೇ ಕುಟುಂಬಕ್ಕೆ ಸೇರಿದವು. ದೊಡ್ಡರೋಗದ ಲಸಿಕೆ ಬಿಸಿಲಿಗೆ ಕೆಡುತ್ತಿದ್ದುದರಿಂದ ಹಳ್ಳಿಗಳಿಗೆ ಅದನ್ನು ಒಯ್ಯುವುದು ಕಷ್ಟವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಶೈಲಾ, ಜಿ. ಲಕ್ಷ್ಮೀಸೀತಾ ಮತ್ತು ಅವರ ಸಂಗಡಿಗರು ಆ ವೈರಸ್ಸಿನ ಹೊರಮೈ ಪ್ರೋಟೀನೊಂದನ್ನು ನೆಲಗಡಲೆಯಲ್ಲಿಯೂ ತೊಗರಿಯಲ್ಲಿಯೂ ತಯಾರಿಸಿದರು. ಅಂತಹ ನೆಲಗಡಲೆಯನ್ನು ದನಗಳಿಗೆ ತಿನ್ನಿಸಿದಾಗ ಅವುಗಳಲ್ಲಿ ಪ್ರತಿಕಾಯಗಳು ಹುಟ್ಟಿದುವೆಂದು 2003ರಲ್ಲಿ ಪ್ರಕಟಿಸಿದರು. ಮೇವೇ ಮದ್ದಾಗಬಹುದೆಂಬ ಆಸೆಗೆ ಇದು ಆಧಾರ ಕೊಟ್ಟಿತು. ಆದರೆ ಹಳೆಯ ಲಸಿಕೆಯಿಂದಲೇ ಆ ರೋಗ ಅಳಿಯಿತು. 2011ರಲ್ಲಿ ಜಗತ್ತು ಅದರಿಂದ ಮುಕ್ತವಾಯಿತೆಂಬ ಘೋಷಣೆ ಹೊರಟಿತು.

ಈ ಮಾರ್ಗದಲ್ಲಿ ತೊಡಕುಗಳೂ ಇವೆ. ತಿನ್ನುವ ಎಲೆಯಲ್ಲಿ ಪ್ರಮಾಣ ಒಂದೇ ಸಮನಾಗಿರದು. ಶುದ್ಧೀಕರಣಕ್ಕೆ ವೆಚ್ಚ ತಗಲುತ್ತದೆ. ಹೊಗೆಸೊಪ್ಪಿನ ಜಾತಿಯ ಗಿಡದಲ್ಲಿ ತಯಾರಾದ ಕೋವಿಡ್ ಲಸಿಕೆಗೆ ಕೆನಡ ಸರ್ಕಾರವು 2022ರಲ್ಲಿ ಅನುಮತಿಯಿತ್ತಿತು. ಮರುವರ್ಷವೇ ಅದರ ಮಾತೃಸಂಸ್ಥೆ ಆ ಉದ್ಯಮವನ್ನು ಮುಚ್ಚಲು ನಿರ್ಧರಿಸಿತು. ವಿಜ್ಞಾನ ಗೆದ್ದಲ್ಲಿ ವ್ಯಾಪಾರವೂ ಗೆಲ್ಲಬೇಕೆಂಬ ನಿಯಮವಿಲ್ಲ.

ಪರೀಕ್ಷೆಗೆ ಬೇಕಾದ ಪ್ರೋಟೀನಾದರೋ ಅತ್ಯಲ್ಪ. ಅದನ್ನು ಮನುಷ್ಯದೇಹಕ್ಕೆ ಚುಚ್ಚಬೇಕಾಗಿಯೂ ಇಲ್ಲ. ಆದುದರಿಂದ ಲಸಿಕೆಗಿಂತ ಮೊದಲು ರೋಗಪತ್ತೆಯಲ್ಲಿ ಸಸ್ಯವನ್ನು ಬಳಸಿಕೊಳ್ಳುವುದು ವಿವೇಕ. ಬಾವಲಿಗಳಿಂದ ನಿಪಾ ಮತ್ತೆ ಮತ್ತೆ ಬರುತ್ತಿರುವ ಕೇರಳಕ್ಕೆ, ಬೆಂಗಳೂರಿನ ನೆಲಗಡಲೆ ತೋರಿದ ದಾರಿ ಈಗಲೂ ತೆರೆದೇ ಇದೆ.